ಬಾಟಲಿ ಏರಿಸಿದ ಮಾತ್ರಕ್ಕೆ ಬಿ.ಪಿ. ಏರುವುದಿಲ್ಲ

ಆಸ್ಪತ್ರೆಯಲ್ಲಿ ಬಾಟಲಿಯಿಂದ ನರದೊಳಕ್ಕೆ ನೀರು ಬಿಡುವುದಕ್ಕೆ ಬೆಂಗಳೂರು, ಮೈಸೂರು ಕಡೆ 'ಗ್ಲೂಕೋಸ್ ಏರಿಸುವುದು' ಎನ್ನುತ್ತಾರೆ. ಬಾಟಲಿಯಲ್ಲಿ ಗ್ಲೂಕೋಸ್ ಇರಲಿ ಬಿಡಲಿ, ಹೆಸರು ಅದೇ. ಹಿಂದಿಯವರು 'ಬೋತಲ್ ಚಢಾನಾ' ಎನ್ನುತ್ತಾರೆ, ತೆಲುಗಿನವರು 'ಸೆಲೈನ್ ಎಕ್ಕಿಂಚಡಂ', ತಮಿಳರು 'ಡ್ರಿಪ್ಸ್ ಏತ್ತುರದು'. ನಾಲ್ಕು ಭಾಷೆ, ಒಂದೇ ಅರ್ಥದ ಕ್ರಿಯಾಪದ. ಕಂಬಕ್ಕೆ ತೂಗುಹಾಕಿದ ಬಾಟಲಿಯಿಂದ ದ್ರಾವಣ ಹನಿಹನಿಯಾಗಿ ಕೆಳಗಿಳಿಯುತ್ತಿರುತ್ತದೆ. ಮಾತಿನಲ್ಲಿ ಮಾತ್ರ ಅದು ಏರುತ್ತದೆ. ಧಾರವಾಡ, ಬೆಳಗಾವಿ ಕಡೆಯವರು ಮರಾಠಿಯ 'ಲಾವಣೆ'ಗೆ ಹೊಂದುವಂತೆ 'ಸಲಾಯಿನ್ ಹಚ್ಯಾರ' ಎಂದು ಹೇಳಿ ಮುಗಿಸುತ್ತಾರೆ. 'ಏರಿಸು'ವಿಗಿಂತ ಈ 'ಹಚ್ಚು' ಹೆಚ್ಚು ಪ್ರಾಮಾಣಿಕವಾದ ಪದ. ಅದು ಮುಂದೇನಾಗುತ್ತದೆ ಎಂಬ ಭರವಸೆ ಕೊಡುವುದಿಲ್ಲ.

'ಏರಿಸು' ಆ ಭರವಸೆ ಕೊಡುತ್ತದೆ. ಆಪರೇಷನ್ ಥಿಯೇಟರಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ತಾಯಿಗೆ ನರ್ಸ್ ಬಂದು "ಬಿ.ಪಿ. ಸ್ವಲ್ಪ ಇಳಿದಿತ್ತು, ಬಾಟಲಿ ಏರಿಸಿದ್ದಾರೆ" ಎಂದರೆ ಆಕೆಗೆ ಬೇರೆ ಪ್ರಶ್ನೆ ಹುಟ್ಟುವುದಿಲ್ಲ. ಇಳಿದದ್ದಕ್ಕೆ ಏರಿಸಿದರು, ಲೆಕ್ಕ ಸರಿಹೋಯಿತು. ಆಮೇಲೆ ಬಂಧುಗಳ ನಡುವೆ ಮಾತು ಬಂದಾಗಲೂ ಕೇಳುವುದು ಎಷ್ಟು ಬಾಟಲಿ ಏರಿಸಿದರು ಎಂದೇ. ಮೂರು ಬಾಟಲಿ ಎಂದರೆ ಚೆನ್ನಾಗಿ ನೋಡಿಕೊಂಡರು, ಒಂದೇ ಎಂದರೆ ಏನೋ ಕಡಿಮೆ ಮಾಡಿದರು.

ಸಿಸೇರಿಯನ್ ಹೆರಿಗೆಗೆಂದು ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಇಳಿಯುವ ಬಿ.ಪಿ.ಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಹೊಂದುವುದಿಲ್ಲ ಎಂದು ತಿಳಿಯಲು ವೈದ್ಯರಿಗೇ ಸುಮಾರು ಕಾಲು ಶತಮಾನ ಹಿಡಿಯಿತು, ಹಾಗಾಗಿ ಬಂಧುಗಳನ್ನು ದೂರಿ ಫಲವಿಲ್ಲ. ಆದರೆ ತಿಳಿದ ಮೇಲೂ ಹಳೆಯ ಮಾತೇ ಚಲಾವಣೆಯಲ್ಲಿರುವುದರಿಂದ ಒಂದು ನಷ್ಟ ಆಗುತ್ತಿದೆ. ಆ ಹೊತ್ತಿನಲ್ಲಿ ಒತ್ತಡವನ್ನು ಕಾಯುವುದು ಸಣ್ಣ ಸಿರಿಂಜಿನ ಔಷಧ, ನಿಮಿಷ ನಿಮಿಷವೂ ನೋಡುತ್ತ ಕೂತ ಒಬ್ಬ ವೈದ್ಯರು, ಮತ್ತು ಮೇಜಿನ ಮೇಲೆ ಎಚ್ಚರವಾಗಿ ಮಲಗಿರುವ ಹೆಂಗಸಿನ ಬಾಯಿಂದ ಬರುವ ಮಾತು. ಈ ಮೂರನೆಯದು ಪುಕ್ಕಟೆ ಸಿಗುವಂಥದ್ದು. ತಮ್ಮ ಭಾಷೆ ನಡೆಯದ ಊರಿನಲ್ಲಿ ಹೆರುವ ಹೆಂಗಸರ ವಿಷಯದಲ್ಲಿ ಅದೇ ವ್ಯರ್ಥವಾಗಿ ಹೋಗುತ್ತಿದೆ.

ಮೊದಲು ಒಳಗೆ ಏನಾಗುತ್ತದೆ ಎಂದು ನೋಡಬೇಕು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಬಿಟ್ಟು ಸೊಂಟದ ಕೆಳಭಾಗವನ್ನು ಮರಗಟ್ಟಿಸಿದ. ಇವತ್ತು ಕೊಕೇನ್ ಬದಲು ಬುಪಿವಕೇನ್, ಅದೂ 2 ಮಿಲಿಲೀಟರ್ ಆಸುಪಾಸು. ಸಿಸೇರಿಯನ್‌ಗೆ ಸೊಂಟದ ತನಕ ಮರಗಟ್ಟಿದರೆ ಸಾಲದು, ಹೆಚ್ಚುಕಡಿಮೆ ಎದೆಯ ಮಟ್ಟಕ್ಕೆ ಬರಬೇಕು. ಅಷ್ಟು ಮೇಲಕ್ಕೆ ಬಂದಾಗ ನೋವಿನ ನರಗಳ ಜೊತೆಯಲ್ಲೇ ರಕ್ತನಾಳಗಳನ್ನು ಬಿಗಿಹಿಡಿದು ನಿಲ್ಲಿಸುವ ನರಗಳೂ ಸುಮ್ಮನಾಗುತ್ತವೆ. ನಾಳಗಳು ಸಡಿಲಗೊಂಡು ಹಿಗ್ಗುತ್ತವೆ. ಕಾಲುವೆ ಏಕಾಏಕಿ ಅಗಲವಾದರೆ ನೀರಿನ ಮಟ್ಟ ಇಳಿಯುವ ಹಾಗೆ ಒತ್ತಡ ಇಳಿಯುತ್ತದೆ. ರಕ್ತ ಎಲ್ಲಿಗೂ ಹೋಗಿರುವುದಿಲ್ಲ. ಇದರ ಜೊತೆಗೆ ತುಂಬಿದ ಬಸುರಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೊಟ್ಟೆಯ ಹಿಂಬದಿಯ ದೊಡ್ಡ ಅಭಿಧಮನಿಯ ಮೇಲೆ ಬಿದ್ದು, ಕಾಲಿನ ರಕ್ತ ಹೃದಯಕ್ಕೆ ಮರಳುವ ದಾರಿಯೂ ಇಕ್ಕಟ್ಟಾಗುತ್ತದೆ. ಥಿಯೇಟರಿನಲ್ಲಿ ಬಲಸೊಂಟದ ಕೆಳಗೆ ದಿಂಬೋ ಮಡಿಸಿದ ಬಟ್ಟೆಯೋ ಇಟ್ಟು ಎಡಕ್ಕೆ ವಾಲಿಸುವುದು ಇದಕ್ಕಾಗಿ.

ತಡೆಯುವ ಕ್ರಮ ಏನೂ ಇಲ್ಲದಿದ್ದರೆ ಹೀಗೆ ಒತ್ತಡ ಇಳಿಯುವುದು ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ. ಅಂದರೆ ಇದು ಅಪರೂಪದ ಅವಘಡವಲ್ಲ, ನಿರೀಕ್ಷಿಸಬೇಕಾದ ಘಟನೆ. ತಾಯಿಗೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ತೀರಾ ಇಳಿದರೆ ಪ್ರಜ್ಞೆ ತಪ್ಪಬಹುದು. ಮಗುವಿನ ಪಾಲೂ ಇದೆ. ಮಿದುಳು, ಮೂತ್ರಪಿಂಡಗಳು ಒತ್ತಡ ಕಡಿಮೆಯಾದರೂ ತಮಗೆ ಬೇಕಾದಷ್ಟು ರಕ್ತ ಒಂದು ಮಿತಿಯವರೆಗೆ ಎಳೆದುಕೊಳ್ಳಬಲ್ಲವು. ತುಂಬುಗರ್ಭದ ಗರ್ಭಕೋಶಕ್ಕೆ ಆ ಸಾಮರ್ಥ್ಯ ಇಲ್ಲ. ತಾಯಿಯ ಒತ್ತಡ ಎಷ್ಟೋ ಮಾಸಿಗೆ ಹೋಗುವ ರಕ್ತವೂ ಅಷ್ಟೇ.

ಹಾಗಾದರೆ ಕಾಲುವೆ ಅಗಲವಾದಷ್ಟೂ ನೀರು ತುಂಬಿಸೋಣ ಎಂಬ ಯೋಚನೆ ಸಹಜವಾಗಿ ಬಂತು. 1968ರಲ್ಲಿ ಅಮೆರಿಕದ ವೋಲ್‌ಮನ್ ಮತ್ತು ಗರ್ಟಿ ಮಾರ್ಕ್ಸ್ ಒಂದು ಸಣ್ಣ ಅಧ್ಯಯನದಲ್ಲಿ, ಸ್ಪೈನಲ್‌ಗೆ ಮೊದಲೇ ದ್ರಾವಣ ಕೊಟ್ಟರೆ ಒತ್ತಡ ಇಳಿಯುವುದನ್ನು ತಡೆಯಬಹುದು ಎಂದು ತೋರಿಸಿದರು. ಅಲ್ಲಿಂದ ಮುಂದೆ ಮೊದಲು ಬಾಟಲಿ, ಆಮೇಲೆ ಬೆನ್ನಿನ ಸೂಜಿ ಎಂಬುದು ಜಗತ್ತಿನ ಥಿಯೇಟರುಗಳಲ್ಲಿ ಪದ್ಧತಿಯಾಯಿತು. ತುರ್ತು ಸಿಸೇರಿಯನ್ ಇದ್ದರೂ ಬಾಟಲಿ ಮುಗಿಯಲಿ ಎಂದು ಕಾದವರಿದ್ದರು.

ಈ ಪದ್ಧತಿಯನ್ನು ಗಟ್ಟಿಯಾಗಿ ಪ್ರಶ್ನಿಸಿದ್ದು ದಕ್ಷಿಣ ಆಫ್ರಿಕಾದ ಡರ್ಬನ್‌ನ ವೈದ್ಯರು, 1993ರಲ್ಲಿ. 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೈತೂಕದ ಪ್ರತಿ ಕಿಲೋಗೆ 20 ಮಿಲಿಲೀಟರ್‌ನಂತೆ ದ್ರಾವಣ ಮೊದಲೇ ಕೊಟ್ಟರು. ಇನ್ನೊಂದಕ್ಕೆ ಕೊಡಲಿಲ್ಲ. ಕೊಡದವರಲ್ಲಿ ಶೇ 71 ಮಂದಿಗೆ ಒತ್ತಡ ಇಳಿಯಿತು, ಕೊಟ್ಟವರಲ್ಲಿ ಶೇ 55 ಮಂದಿಗೆ. 60 ಕಿಲೋದ ಹೆಂಗಸಿಗೆ ಲೀಟರಿಗಿಂತ ಹೆಚ್ಚು ದ್ರಾವಣ ತುಂಬಿಸಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಒತ್ತಡ ಇಳಿದೇ ಇಳಿಯಿತು. ಉಪಯೋಗ ಇದೆ, ಆದರೆ ನಂಬಿ ಕೂರುವಷ್ಟಿಲ್ಲ. ತುರ್ತಿನಲ್ಲಿ ಬಾಟಲಿ ಮುಗಿಯಲೆಂದು ಕಾಯುವುದಕ್ಕೆ ಅರ್ಥವಿಲ್ಲ ಎಂಬುದು ಅವರ ತೀರ್ಮಾನ.

ಇದರ ಕಾರಣ 1999ರಲ್ಲಿ ಜಪಾನಿನ ಉಯೆಯಾಮಾ ಮತ್ತು ಜೊತೆಗಾರರು ಮಾಡಿದ ಅಳತೆಯಲ್ಲಿ ಸಿಕ್ಕಿತು. ಸಿಸೇರಿಯನ್‌ಗೆ ಬಂದವರಿಗೆ ಒಂದೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಕೊಟ್ಟು, ಅರ್ಧ ಗಂಟೆಯ ಹೊತ್ತಿಗೆ ಅದರಲ್ಲಿ ಎಷ್ಟು ರಕ್ತನಾಳದೊಳಗೆ ಉಳಿದಿದೆ ಎಂದು ನೋಡಿದರು. ಶೇ 28. ಉಳಿದದ್ದು ನಾಳದ ಗೋಡೆ ದಾಟಿ ಸುತ್ತಲಿನ ಅಂಗಾಂಶಗಳಿಗೆ ಹೋಗಿತ್ತು. ಉಪ್ಪುನೀರಿನ ಸ್ವಭಾವವೇ ಅದು, ನಾಳದಲ್ಲಿ ನಿಲ್ಲುವುದಿಲ್ಲ. ಆಪರೇಷನ್ ಆದ ಮಾರನೆಯ ದಿನ ಬಾಣಂತಿಯ ಕಾಲು, ಮುಖ ಊದಿದ್ದನ್ನು ಕಂಡು 'ಶೀತ ಆಗಿದೆ, ಕಿವಿಗೆ ಹತ್ತಿ ಇಡು' ಎನ್ನುವ ಅತ್ತೆಯಂದಿರು ನೋಡುತ್ತಿರುವುದರಲ್ಲಿ ಈ ನೀರಿನ ಪಾಲೂ ಇರುತ್ತದೆ.

ಆಮೇಲೆ 2004ರಲ್ಲಿ ಕೇಪ್‌ಟೌನ್‌ನಿಂದ ಇನ್ನೊಂದು ಸುಧಾರಣೆ ಬಂತು. ಅದೇ ದ್ರಾವಣವನ್ನು ಮೊದಲೇ ಕೊಟ್ಟು ಕಾಯುವ ಬದಲು, ಬೆನ್ನಿಗೆ ಔಷಧ ಬಿಡುತ್ತಿದ್ದ ಹಾಗೆ ಜೋರಾಗಿ ಬಿಟ್ಟರೆ ಸ್ವಲ್ಪ ಮೇಲು. ಬೇಕಾದ ಹೊತ್ತಿನಲ್ಲಿ ಅದು ನಾಳದಲ್ಲಿ ಇರುತ್ತದೆ. ದ್ರಾವಣಕ್ಕೆ ಇವತ್ತು ಉಳಿದಿರುವ ಜಾಗ ಇದು: ಸಹಾಯಕನ ಜಾಗ.

ಹೆಚ್ಚು ಕೊಟ್ಟರೆ ನಷ್ಟವೇನು, ನೀರು ತಾನೆ ಎನ್ನುವವರಿದ್ದಾರೆ. ಬಸುರಿನಲ್ಲಿ ಬಿ.ಪಿ. ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿಎಕ್ಲಾಂಪ್ಸಿಯಾ ಇದ್ದವರಲ್ಲಿ ನಾಳಗಳು ಇನ್ನೂ ಹೆಚ್ಚು ಸೋರುತ್ತವೆ. ಅವರಿಗೆ ಮಿತಿಮೀರಿ ದ್ರಾವಣ ಕೊಟ್ಟರೆ ಅದು ಶ್ವಾಸಕೋಶದಲ್ಲಿ ತುಂಬಿ ಉಸಿರಿಗೇ ಸಂಚಕಾರ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕಿರಿದಾಗಿರುವ ಹೆಂಗಸರು ಭಾರತದಲ್ಲಿ ಇನ್ನೂ ಇದ್ದಾರೆ. ಎಷ್ಟೋ ಜನರಿಗೆ ಅದು ಗೊತ್ತಾಗುವುದೇ ಬಸುರಾದ ಮೇಲೆ. ಅವರ ವಿಷಯದಲ್ಲೂ ಹೀಗೇ. ಇನ್ನು ಬಾಟಲಿಯೊಳಗೆ ಏನಿದೆ ಎಂಬ ಪ್ರಶ್ನೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಸಂಶಯ ಹೋದದ್ದು ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಮೇಲೆ. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಎರಡು ತಿಂಗಳಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರದಿಂದಲೂ ಅಂಥದೇ ಸುದ್ದಿ ಬಂತು. ಆ ಸುದ್ದಿ ಓದಿದವರಿಗೆ ಬಾಟಲಿ ಎಂದರೆ ಭಯವಾದರೆ ಆಶ್ಚರ್ಯವಿಲ್ಲ. ಆದರೆ ಹೆರಿಗೆಯಲ್ಲಿ ರಕ್ತ ಹರಿದುಹೋಗುತ್ತಿರುವಾಗ ಅದೇ ದ್ರಾವಣ, ಅದರ ಹಿಂದೆ ರಕ್ತ, ಪ್ರಾಣ ಉಳಿಸುತ್ತದೆ. ಅಲ್ಲಿ ನಿಜವಾಗಿಯೂ ನೀರು ಕಡಿಮೆಯಾಗಿರುತ್ತದೆ. ದ್ರಾವಣವನ್ನು ಅಮೃತ ಅಂದುಕೊಳ್ಳುವುದೂ ವಿಷ ಅಂದುಕೊಳ್ಳುವುದೂ ಅದು ಒಂದು ಔಷಧ ಎಂಬುದನ್ನು ಮರೆಯುವ ಎರಡು ಬಗೆ. ಯಾವ ಔಷಧವಾದರೂ ಏಕೆ, ಎಷ್ಟು ಎಂದು ಕೇಳುವ ಹಕ್ಕು ಇರುತ್ತದೆ. ಬಾಟಲಿಯ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಯಾರಿಗೂ ಆಗಿಲ್ಲ.

ಒತ್ತಡವನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಸಡಿಲಗೊಂಡ ನಾಳಗಳನ್ನು ಮತ್ತೆ ಬಿಗಿಗೊಳಿಸುವ ಔಷಧ. ಬಹಳ ಕಾಲ ಎಫೆಡ್ರಿನ್ ಎಂಬುದೇ ಎಲ್ಲರ ಆಯ್ಕೆಯಾಗಿತ್ತು. 1974ರಲ್ಲಿ ಬಸುರಿ ಕುರಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಗರ್ಭಕೋಶದ ರಕ್ತ ಹರಿವನ್ನು ಕೆಡಿಸಲಿಲ್ಲ ಎಂಬುದು ಆ ನಂಬಿಕೆಯ ಆಧಾರ. ಕುರಿಯಲ್ಲಿ ಕಂಡದ್ದನ್ನು ಹೆಂಗಸರಲ್ಲಿ ಸರಿಯಾಗಿ ಪರೀಕ್ಷಿಸಿದ್ದು ಎಷ್ಟೋ ವರ್ಷಗಳ ನಂತರ, ಮುಖ್ಯವಾಗಿ ಹಾಂಕಾಂಗಿನ ವಾರ್ವಿಕ್ ಎನ್‌ಗಾನ್ ಕೀ ಮತ್ತು ಅವರ ಜೊತೆಯವರು. ಎಫೆಡ್ರಿನ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಮಗುವಿನ ರಕ್ತದಲ್ಲಿ ಆಮ್ಲತೆ ಹೆಚ್ಚಿಸುತ್ತದೆ ಎಂದು ಗೊತ್ತಾಯಿತು. ಫಿನೈಲೆಫ್ರಿನ್ ಎಂಬ ಇನ್ನೊಂದು ಔಷಧ ಮುಂದೆ ಬಂತು. 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೊರತಂದ ಒಮ್ಮತದ ಹೇಳಿಕೆ ಹೇಳುವುದು ಹೀಗೆ: ಒತ್ತಡ ಇಳಿದ ಮೇಲೆ ಓಡಬೇಡಿ, ಬೆನ್ನಿಗೆ ಔಷಧ ಕೊಟ್ಟ ಕ್ಷಣದಿಂದಲೇ ಫಿನೈಲೆಫ್ರಿನ್‌ನಂಥದ್ದನ್ನು ನಿಧಾನವಾಗಿ ಬಿಡಲು ಶುರುಮಾಡಿ. ಮೇಲಿನ ಒತ್ತಡ ಆಕೆಯ ಮೊದಲಿನ ಒತ್ತಡದ ಶೇ 90ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ, ಶೇ 80ರ ಕೆಳಗೆ ಅಂತೂ ಬಿಡಲೇಬೇಡಿ. ಅಂದರೆ ಮೊದಲು 120 ಇದ್ದವಳಿಗೆ 108 ಗುರಿ, 96 ಅಪಾಯದ ಗೆರೆ. ದ್ರಾವಣ ಜೊತೆಗಿರಲಿ.

ಭಾರತದ ಎಲ್ಲ ಥಿಯೇಟರುಗಳಲ್ಲೂ ಇದು ಇದ್ದಕ್ಕಿದ್ದ ಹಾಗೆ ನಡೆಯುವುದಿಲ್ಲ ಎಂಬುದೂ ನಿಜ. ಫಿನೈಲೆಫ್ರಿನ್‌ನ ಆಂಪ್ಯೂಲಿನಲ್ಲಿ ಸಾಮಾನ್ಯವಾಗಿ 10 ಮಿಲಿಗ್ರಾಂ ಇರುತ್ತದೆ. ಒಂದು ಸಲಕ್ಕೆ ಬೇಕಾದದ್ದು ಅದರ ನೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಳೆದು ಬೆರೆಸುವಾಗ ಕೈತಪ್ಪಿದರೆ ಒತ್ತಡ ಗಗನಕ್ಕೇರುತ್ತದೆ. ಸಿರಿಂಜ್ ಪಂಪ್ ಇಲ್ಲದ, ಒಬ್ಬರೇ ಅರಿವಳಿಕೆ ವೈದ್ಯರು ಎರಡು ಟೇಬಲ್ ನೋಡುವ ಕಡೆ ಮೆಫೆಂಟರ್ಮಿನ್ ಸಿರಿಂಜ್ ಮತ್ತು ಬಾಟಲಿಯೇ ಕೈಗೆ ಸುಲಭ. ಆ ವೈದ್ಯರನ್ನು ಕೂತಲ್ಲಿಂದ ದೂರುವುದು ಸುಲಭ, ನ್ಯಾಯವಲ್ಲ. ಅಂಥ ಕಡೆಯೇ ಹೆಂಗಸಿನ ಮಾತಿನ ಬೆಲೆ ಹೆಚ್ಚು.

ಇಲ್ಲಿ ಕನ್ನಡದ್ದೇ ಒಂದು ಪದ ಅಡ್ಡ ಬರುತ್ತದೆ. ಅರಿವಳಿಕೆ, ಅಂದರೆ ಅರಿವು ಅಳಿಯುವುದು. ಪದ ಚೆನ್ನಾಗಿದೆ, ಜನರ ಬಾಯಲ್ಲಿ ನಿಂತಿದೆ ಕೂಡ. ಆದರೆ ಸ್ಪೈನಲ್‌ನಲ್ಲಿ ಅರಿವು ಅಳಿಯುವುದಿಲ್ಲ. ಕೆಳಗಿನ ಅರ್ಧ ಮೈ ಮರಗಟ್ಟಿರುತ್ತದೆ, ತಲೆಯ ಬಳಿ ಹೆಂಗಸು ಪೂರ್ತಿ ಎಚ್ಚರ. ಪರದೆಯ ಆಚೆ ಕತ್ತರಿ ಇಡುವ ಸದ್ದು ಕೇಳುತ್ತದೆ, ವೈದ್ಯರು ಊಟದ ವಿಷಯ ಮಾತಾಡಿದರೆ ಅದೂ ಕೇಳುತ್ತದೆ. 'ಅರಿವಳಿಕೆ ಕೊಡುತ್ತೇವೆ' ಎಂದು ಕೇಳಿಸಿಕೊಂಡು ಹೋದವಳು ತನ್ನ ಕೆಲಸ ಸುಮ್ಮನೆ ಮಲಗಿರುವುದು ಎಂದುಕೊಳ್ಳುತ್ತಾಳೆ. ಆ ಮುಂದಿನ ಹತ್ತು ಹದಿನೈದು ನಿಮಿಷ ತನಗೆ ಏನನಿಸುತ್ತಿದೆ ಎಂದು ಹೇಳಬೇಕು, ಅದು ದೂರಲ್ಲ, ವೈದ್ಯರಿಗೆ ಬೇಕಾದ ಸುದ್ದಿ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ.

ತೋಳಿಗೆ ಕಟ್ಟಿದ ಪಟ್ಟಿ ಉಬ್ಬಿ ಇಳಿದು ಅಂಕಿ ತೋರಿಸಲು ಸ್ವಲ್ಪ ಹೊತ್ತು ಬೇಕು. ಮಿಷನ್ನನ್ನು ನಿಮಿಷಕ್ಕೊಮ್ಮೆ ಅಳೆಯಲು ಹೊಂದಿಸಿದ್ದರೆ ಸರಿ. ಐದು ನಿಮಿಷಕ್ಕೊಮ್ಮೆ ಹೊಂದಿಸಿದ್ದರೆ ಎರಡು ಅಂಕಿಗಳ ನಡುವೆ ಒತ್ತಡ ಇಳಿದು ಬಹಳ ಹೊತ್ತಾಗಿರಬಹುದು. ಆ ನಡುವೆ ಮೊದಲು ಬರುವ ಸೂಚನೆ ಎಷ್ಟೋ ಸಲ ಮೇಜಿನ ಮೇಲಿರುವವಳ ಮಾತು: ಹೊಟ್ಟೆ ತೊಳಸುತ್ತಿದೆ. ಅನುಭವ ಇರುವ ಅರಿವಳಿಕೆ ವೈದ್ಯರು ಅದನ್ನು ಕೇಳಿದ ಕೂಡಲೇ ಅಂಕಿಗೆ ಕಾಯದೆ ಸಿರಿಂಜಿಗೆ ಕೈ ಹಾಕುತ್ತಾರೆ. ಎಲ್ಲ ವಾಕರಿಕೆಯೂ ಒತ್ತಡದ್ದೇ ಎಂದಲ್ಲ. ಗರ್ಭಕೋಶವನ್ನು ಎಳೆದಾಗಲೂ ಬರುತ್ತದೆ, ಮಗು ಬಂದ ಮೇಲೆ ಕೊಡುವ ಕೆಲವು ಔಷಧಗಳಿಂದಲೂ ಬರುತ್ತದೆ. ಆದರೆ ಬೆನ್ನಿನ ಇಂಜೆಕ್ಷನ್ ಆದ ಮೊದಲ ಕೆಲವು ನಿಮಿಷಗಳಲ್ಲಿ ಬಂದರೆ ಒತ್ತಡ ಇಳಿದಿದೆ ಎಂದೇ ಮೊದಲು ಅನುಮಾನಿಸಬೇಕು. ಕೈಬೆರಳಿಗೆ ಜೋಮು ಬಂದಿದೆ, ಕೈ ಬಲ ಕಡಿಮೆಯಾಗಿದೆ, ಮಾತು ಹೊರಡುತ್ತಿಲ್ಲ ಎಂಬುದು ಇನ್ನೂ ಗಂಭೀರ. ಮರಗಟ್ಟಿದ್ದು ಕುತ್ತಿಗೆಯ ಕಡೆಗೆ ಹತ್ತುತ್ತಿದೆ ಎಂದು ಅದರರ್ಥ.

ಈಗ ಈ ಮಾತನ್ನು ಕನ್ನಡದ ಹೆಂಗಸು ಯಾವ ಪದಗಳಲ್ಲಿ ಹೇಳುತ್ತಾಳೆ ಎಂದು ನೋಡಿ. ಆಸ್ಪತ್ರೆಯ ಅನುವಾದಿತ ಒಪ್ಪಿಗೆ ಪತ್ರಗಳಲ್ಲಿ ಬರುವ 'ವಾಕರಿಕೆ', 'ರಕ್ತದೊತ್ತಡದ ಕುಸಿತ' ಯಾರ ಬಾಯಿಂದಲೂ ಆ ಹೊತ್ತಿನಲ್ಲಿ ಬರುವುದಿಲ್ಲ. 'ಒಂಥರಾ ಆಗ್ತಿದೆ' ಎನ್ನುತ್ತಾಳೆ. 'ಸಂಕಟ ಆಗ್ತಿದೆ', 'ಕಣ್ಣು ಕತ್ತಲೆ ಬಂದ ಹಾಗಾಗ್ತಿದೆ', 'ಸುಸ್ತಾಗ್ತಿದೆ' ಎನ್ನುತ್ತಾಳೆ. ಹುಬ್ಬಳ್ಳಿಯವಳಾದರೆ 'ಜೀವ ಕಸಿವಿಸಿ ಆಗಾಕತ್ತೈತಿ'. ಇವುಗಳಲ್ಲಿ ಒಂದಷ್ಟು ಪದಗಳು ನೆರೆಯ ಭಾಷೆಗಳಲ್ಲೂ ಇವೆ. ಅಪಾಯ ಇರುವುದು ಅಲ್ಲೇ. ಪೂರ್ತಿ ಗೊತ್ತಿಲ್ಲದ ಪದವಾದರೆ ಕೇಳಿದವರು ತಿರುಗಿ ಕೇಳುತ್ತಾರೆ. ಗೊತ್ತಿರುವಂತೆ ಕಾಣುವ ಪದಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತಾರೆ.

'ಸುಸ್ತು' ಹಿಂದಿಯ ಕಿವಿಗೆ ಜಡತೆ, ಸೋಮಾರಿತನ. ಆಪರೇಷನ್ ಟೇಬಲ್ ಮೇಲೆ ಮಲಗಿದವಳಿಗೆ ಸುಸ್ತಿ ಇದ್ದರೆ ಇರಲಿ ಬಿಡಿ ಎನಿಸೀತು. ಕನ್ನಡದವಳು ಅದೇ ಪದದಲ್ಲಿ ಜೀವ ಕೆಳಗಿಳಿಯುತ್ತಿರುವುದನ್ನು ಹೇಳುತ್ತಿರಬಹುದು. 'ಸಂಕಟ' ಕನ್ನಡದಲ್ಲಿ ಹೊಟ್ಟೆಯದ್ದು, ಎದೆಯದ್ದು. ತಮಿಳಿನ 'ಸಂಗಡಂ' ಮುಜುಗರದ ಹತ್ತಿರ ಹೋಗುತ್ತದೆ. ಚೆನ್ನೈನ ನರ್ಸ್, ಮೈಮೇಲೆ ಸರಿಯಾಗಿ ಬಟ್ಟೆ ಇಲ್ಲವೆಂದು ಈಕೆಗೆ ಮುಜುಗರವಾಗುತ್ತಿದೆಯೇನೋ ಎಂದುಕೊಂಡು ಹೊದಿಕೆ ಎಳೆದರೆ ಆಕೆಯದೇನೂ ತಪ್ಪಿಲ್ಲ. ಹೈದರಾಬಾದಿನಲ್ಲಿ ತಿರುಗುಮುರುಗು. ಅಲ್ಲಿ ವಾಂತಿ ಬಂದಂತಾಗುವುದಕ್ಕೆ ತೆಲುಗಿನಲ್ಲಿ 'ವಿಕಾರಂಗಾ ಉಂದಿ' ಎನ್ನುತ್ತಾರೆ. ವೈದ್ಯರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ, 'ವಿಕಾರಂಗಾ ಉಂದಾ ಅಮ್ಮಾ?' ರಾಯಚೂರು, ಬಳ್ಳಾರಿಯವಳಾದರೆ ಬಹುಶಃ ತಿಳಿದೀತು. ಶಿವಮೊಗ್ಗದವಳಿಗೆ ಕೇಳುವುದು ಕನ್ನಡದ ವಿಕಾರ. ಏನು ವಿಕಾರ, ಯಾರದು ವಿಕಾರ?

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಹಿಂದಿಯ 'ಘಬರಾಹಟ್'. ದೆಹಲಿ, ಮುಂಬೈ ವೈದ್ಯರು ಅದನ್ನು ಮೈಯ ಲಕ್ಷಣವಾಗಿ ಕೇಳುತ್ತಾರೆ: ಎದೆ ಹಾರುತ್ತಿದೆಯೇ, ಒಳಗೊಳಗೇ ಕಸಿವಿಸಿಯೇ? ಕನ್ನಡದ ಕಿವಿಗೆ ಅದು 'ಗಾಬರಿ'. ಗಾಬರಿ ಎಂದರೆ ಹೆದರಿಕೆ. 'ಘಬರಾಹಟ್ ಹೋ ರಹೀ ಹೈ?' ಎಂದರೆ ಹೆದರಿಕೆಯಾಗುತ್ತಿದೆಯೇ ಎಂದು ಕೇಳುತ್ತಿದ್ದಾರೆ ಎಂದುಕೊಂಡು, ಮರ್ಯಾದೆಯಿಂದ ಬೆಳೆದ ಹೆಣ್ಣುಮಗಳು ಧೈರ್ಯ ತಂದುಕೊಂಡು 'ನಹೀ' ಎನ್ನುತ್ತಾಳೆ. ಉತ್ತರ ಸರಿಯಾಗಿ ದಾಖಲಾಗುತ್ತದೆ. ಲಕ್ಷಣ ಇಲ್ಲ.

ಇದನ್ನು ಸಣ್ಣ ವಿಷಯ ಎನ್ನುವವರು ಅಂಕಿಗಳನ್ನು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ 21.5 ಸಿಸೇರಿಯನ್. ಕರ್ನಾಟಕದಲ್ಲಿ ಶೇ 31.5, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7. ಖಾಸಗಿ ಆಸ್ಪತ್ರೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ದೇಶದ ಸರಾಸರಿಯೇ ಶೇ 47.4. ಇಷ್ಟೊಂದು ಏಕೆ ಎಂಬುದು ಬೇರೆಯೇ ಜಗಳ. ಅಂತೂ ಚೆನ್ನೈ, ಹೈದರಾಬಾದಿನಲ್ಲಿ ಸಂಸಾರ ಹೂಡಿದ ಕನ್ನಡಗಿತ್ತಿ ಬೆನ್ನಿಗೆ ಇಂಜೆಕ್ಷನ್ ಮಾಡಿಸಿಕೊಳ್ಳುವ ಸಾಧ್ಯತೆ ಚಿಕ್ಕದಲ್ಲ. ಮೊದಲೆಲ್ಲ ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಗಟ್ಟಿ ಪದ್ಧತಿಯಾಗಿತ್ತು; ಭಾಷೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತಿತ್ತು. ಈಗ ಕೆಲಸ, ವಿಮೆ, ಮೊದಲಿಂದ ತೋರಿಸುತ್ತಿರುವ ಡಾಕ್ಟರು ಎಂದು ಇದ್ದ ಊರಿನಲ್ಲೇ ಹೆರುತ್ತಾರೆ. ಅಮ್ಮ ಬಸ್ಸೋ ರೈಲೋ ಹತ್ತಿ ಅಲ್ಲಿಗೆ ಬರುತ್ತಾಳೆ. ಆ ಊರಿನ ಭಾಷೆ ಬರುವುದು ಹೆಚ್ಚಾಗಿ ಗಂಡನಿಗೆ. ಅವನೂ ಅಮ್ಮನೂ ಥಿಯೇಟರಿನ ಬಾಗಿಲ ಹೊರಗೆ ಇರುತ್ತಾರೆ.

ಇಂಗ್ಲಿಷ್ ಇದೆಯಲ್ಲ ಎಂಬ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವ ಹೆಂಗಸು ಕೂಡ ಒತ್ತಡ ಇಳಿದು ಕಣ್ಣು ಮಂಜಾಗುವ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ನರಳುವುದಿಲ್ಲ. ವರ್ಷಗಟ್ಟಲೆ ಪುಣೆಯಲ್ಲಿದ್ದು ಮರಾಠಿಯಲ್ಲಿ ತರಕಾರಿ ಚೌಕಾಶಿ ಮಾಡುವವಳಿಗೆ 'ಮಳಮಳತಂಯ್' ಎಂಬ ಒಂದು ಪದ ಎಂದೂ ಬೇಕಾಗಿರಲಿಕ್ಕಿಲ್ಲ. ಮಾರುಕಟ್ಟೆಯ ಭಾಷೆ ಬೇರೆ, ಮೈಯ ಭಾಷೆ ಬೇರೆ. ಎರಡನೆಯದನ್ನು ಯಾರೂ ಹೊಸದಾಗಿ ಕಲಿಯುವುದಿಲ್ಲ, ಕಾಯಿಲೆ ಬಿದ್ದಾಗ ಹೊರತು.

ಮಾನಿಟರ್ ಇರುವಾಗ ಮಾತೇಕೆ ಎಂಬುದು ಇನ್ನೊಂದು ಆಕ್ಷೇಪ, ಇದು ಸ್ವಲ್ಪ ಗಟ್ಟಿಯಾದದ್ದು. ಒಳ್ಳೆಯ ಥಿಯೇಟರಿನಲ್ಲಿ, ನಿಮಿಷಕ್ಕೊಮ್ಮೆ ಅಳೆಯುವ ಯಂತ್ರ, ಪಂಪಿನಲ್ಲಿ ಹೋಗುತ್ತಿರುವ ಫಿನೈಲೆಫ್ರಿನ್, ಪಕ್ಕದಲ್ಲೇ ಕೂತ ವೈದ್ಯರು ಇದ್ದರೆ ಮೂಕಿಯೂ ಕ್ಷೇಮವಾಗಿ ಹೆರಬಲ್ಲಳು. ಅಂಥ ಕಡೆ ಆಕೆ ಮಾತಾಡಿದರೆ ಸಿಗುವುದು ಹತ್ತು ಕ್ಷಣದ ಮುನ್ಸೂಚನೆ ಅಷ್ಟೇ. ಆದರೆ ಅಂಥ ಥಿಯೇಟರು ಎಲ್ಲ ಕಡೆ ಇದೆ ಎಂದು ಹೇಳುವವರು ನಡುರಾತ್ರಿ ಎರಡು ಗಂಟೆಯ ತುರ್ತು ಸಿಸೇರಿಯನ್ ಅನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ಹೆರಿಗೆಯ ದಿನ ಹತ್ತಿರ ಬಂದಾಗ ಪ್ರಸೂತಿ ವೈದ್ಯರನ್ನು ಎಲ್ಲರೂ ಹತ್ತು ಸಲ ನೋಡಿರುತ್ತಾರೆ, ಅರಿವಳಿಕೆ ವೈದ್ಯರ ಮುಖ ನೋಡುವುದು ಟೇಬಲ್ ಮೇಲೆಯೇ. ಅದಕ್ಕೆ ಮೊದಲೇ ಅವರನ್ನು ಒಮ್ಮೆ ಕಾಣಲು ಕೇಳಬೇಕು. ನಿಗದಿಯಾದ ಸಿಸೇರಿಯನ್ ಆದರೆ ಇದು ಖಂಡಿತ ಸಾಧ್ಯ. ಒತ್ತಡ ಇಳಿದರೆ ಏನು ಕೊಡುತ್ತೀರಿ, ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತೀರಿ ಎಂದು ಗಂಡ ಕೇಳಬಹುದು. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಮೂಲಿ ದಿನಗಳಲ್ಲಿ ಆಕೆಯ ಬಿ.ಪಿ. ಎಷ್ಟಿರುತ್ತದೆ ಎಂದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ಅದನ್ನು ತೋರಿಸಬೇಕು, ಏಕೆಂದರೆ ಥಿಯೇಟರಿನಲ್ಲಿ ಹೆದರಿದಾಗ ಅಳೆದದ್ದು ಹೆಚ್ಚಾಗಿಯೇ ಬರುತ್ತದೆ. ಆಮೇಲೆ ಆಕೆ ತನ್ನ ಭಾಷೆಯಲ್ಲಿ ಹೇಳಬಹುದಾದ ನಾಲ್ಕು ಮಾತುಗಳನ್ನು ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಬೇಕು: ಹೊಟ್ಟೆ ತೊಳಸುತ್ತಿದೆ, ಕಣ್ಣು ಕತ್ತಲೆ ಬರುತ್ತಿದೆ, ಉಸಿರು ಕಟ್ಟುತ್ತಿದೆ, ಕೈ ಜೋಮು ಹಿಡಿದಿದೆ. ಚೀಟಿಯಲ್ಲಿ ಆ ಊರಿನ ಲಿಪಿಯಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿದರೂ ಸಾಕು. ಆಸ್ಪತ್ರೆಗಳಿಗೂ ಇದು ಭಾರವಲ್ಲ. ದೊಡ್ಡ ನಗರದ ಯಾವ ಆಸ್ಪತ್ರೆಯಲ್ಲಾದರೂ ಕಲಬುರಗಿಯದೋ ಮಂಗಳೂರಿನದೋ ಒಬ್ಬ ನರ್ಸ್ ಇದ್ದೇ ಇರುತ್ತಾಳೆ. ಆ ಹದಿನೈದು ನಿಮಿಷ ಆಕೆಯನ್ನು ತಲೆಯ ಬಳಿ ನಿಲ್ಲಿಸಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿ ಬರಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿ ವರ್ಷಗಳಾದವು. ಆ ಒಪ್ಪಿಗೆ ಥಿಯೇಟರಿನ ಬಾಗಿಲ ತನಕ ಬಂದು ನಿಂತಿದೆ. ಸೋಂಕಿನ ಭಯ ಹೇಳುತ್ತಾರೆ. ಗೌನು, ಟೋಪಿ, ಮಾಸ್ಕ್ ಹಾಕಿಸಿ ಗಂಡನನ್ನು ಒಳಗೆ ಬಿಡುವ ದುಬಾರಿ ಆಸ್ಪತ್ರೆಗಳಿಗೆ ಆ ಭಯ ಇಲ್ಲದಿರುವುದು ಗಮನಿಸತಕ್ಕದ್ದು.

ಕನ್ನಡ ನಾಡಿನೊಳಗೂ ಇದೇ ಲೆಕ್ಕ ನಡೆಯಬೇಕು. ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೆ ಬರುವವರಲ್ಲಿ ಕಟ್ಟಡ ಕೆಲಸದವರ ಹೆಂಡಂದಿರಿದ್ದಾರೆ, ಒಡಿಶಾದವರು, ಬಿಹಾರದವರು, ಬಂಗಾಳದವರು. ಅವರು ಟೇಬಲ್ ಮೇಲೆ ಗೊಣಗಿದರೆ 'ಸುಮ್ನೆ ಮಲಕ್ಕೊಳಮ್ಮ, ಏನಾಗಲ್ಲ' ಎಂದು ಗದರುವುದು ಕನ್ನಡದಲ್ಲಿ. ಅವರಲ್ಲೊಬ್ಬಳು 'ಬೊಮಿ ಬೊಮಿ ಲಾಗ್ಛೆ' ಎಂದರೆ ವಾಂತಿ ಬಂದ ಹಾಗಾಗುತ್ತಿದೆ ಎಂದರ್ಥ, ಬಿ.ಪಿ. ನೋಡಬೇಕು.